ಹನ್ನೆರಡಕ್ಕೆ ಒಂದು

ಒಂದಡಿ ಏರಲು ಹನ್ನೆರಡಡಿ ಸಾಗಬೇಕು,
ಗಾಲಿಯ ಗಣಿತ ಇಷ್ಟೇ.
ಮಜಗಾಂವದ ಈ ಹಳೆಯ ಗೋದಾಮಿನ ಜಗಲಿ
ನೆಲದಿಂದ ನಾಲ್ಕೂಕಾಲಡಿ.
ಗುಣಿಸಿದೆ: ಐವತ್ತೊಂದು.
ಅಷ್ಟು ಜಾಗ ಎಲ್ಲಿಂದ ತರಲಿ?
ಇತ್ತ ರಸ್ತೆ, ಅತ್ತ ಸಮುದ್ರ,
ನಡುವೆ ಏಳು ಕಲ್ಲಿನ ಮೆಟ್ಟಿಲು, ಮುಟ್ಟುವ ಹಾಗಿಲ್ಲ.

"ಪಾರಂಪರಿಕ" ಎಂದರು ಸಮಿತಿಯ ಭರೂಚಾ ಸಾಹೇಬರು
ಕನ್ನಡಕ ಒರೆಸುತ್ತ.
"ಗಾಲಿಕುರ್ಚಿಯವರಿಗೆ ಹಿಂದಿನ ಬಾಗಿಲಿದೆಯಲ್ಲ,
ಸಾಮಾನು ಇಳಿಯುವ ಕಡೆ. ಲಿಫ್ಟು ಹಾಕಿಸೋಣ."
ಕೆಟ್ಟವರು ಯಾರೂ ಇರಲಿಲ್ಲ ಆ ಕೋಣೆಯಲ್ಲಿ.
ಚಹಾ ಬಂತು, ಬನ್ ಮಸ್ಕಾ ಬಂತು,
ನಾನೂ ತಲೆಯಾಡಿಸಿದೆ.
ಆ ಬಾಗಿಲಿಗೊಂದು ಚಂದದ ಸೂರನ್ನೂ ಬರೆದೆ.

ಶನಿವಾರ ಶೇವಂತಾ ಸಾತಾರ್ಡೇಕರ್ ಬಂದಳು,
ಲಾವಣಿಯ ಒಂದು ಕಾಲನ್ನು ಸಕ್ಕರೆ ಕಾಯಿಲೆಗೆ ಕೊಟ್ಟವಳು,
ಇನ್ನೊಂದಕ್ಕೆ ಈಗಲೂ ಗೆಜ್ಜೆ.
ನಕ್ಷೆಯ ಮೇಲೆ ಬೆರಳಿಟ್ಟಳು:
ಈ ಚೌಕ ಏನು?
ಕಸದ ಕೋಣೆ.
ಇದರ ಪಕ್ಕದ್ದು?
ನೀವು ಬರುವ ಬಾಗಿಲು.
ನಕ್ಕಳು. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ.
"ನಮ್ಮ ತಮಾಶಾ ಡೇರೆಗೆ ಬಾಗಿಲೇ ಇರಲಿಲ್ಲ ಕಣಮ್ಮ,
ಬಟ್ಟೆ ಎತ್ತಿದರೆ ಒಳಗೆ."

ಕಣ್ಣಿಲ್ಲದ ಭಾಗವತ ಕುಂದರ್
ಖಾಲಿ ಗೋದಾಮಿನ ನಡುವೆ ನಿಂತು
ಮೂರು ಬಾರಿ ಚಪ್ಪಾಳೆ ತಟ್ಟಿ, ಕಾದು, ಹೇಳಿದರು:
"ನೀರು ಆ ಗೋಡೆಯ ಹಿಂದಿದೆ. ಮುಚ್ಚಬೇಡಿ.
ಅದು ಕೇಳದಿದ್ದರೆ ನನಗೆ ಪೂರ್ವ ಯಾವುದು?"
ಸಮುದ್ರದ ಸದ್ದು ಒಳಗೆ ಬರಬಾರದೆಂದು
ನಾಲ್ಕು ಪದರದ ಗಾಜು ಲೆಕ್ಕ ಹಾಕಿದ್ದೆವು ನಾವು.
ಭಾವುಚಾ ಧಕ್ಕೆಯ ಯಮುನಾ ತಾಂಡೇಲಳದು ಒಂದೇ ಪ್ರಶ್ನೆ:
"ನಾಟಕ ನೋಡುವಾಗ ಬುಟ್ಟಿ ಎಲ್ಲಿಡಲಿ?
ಬಾಂಗಡೆಗೆ ಬೇರೆ ಟಿಕೆಟ್ಟೋ?"

ಆ ರಾತ್ರಿ ನಕ್ಷೆ ಸುರುಳಿ ಸುತ್ತಲಿಲ್ಲ. ಮಡಚಿದೆ.

ಉತ್ತರದ ಮೂಲೆ, ತುಕ್ಕು ಪೀಪಾಯಿಗಳ ಹಿಂದೆ,
ಕಾವಲಿನ ಮುದುಕ ಧೋಂಡಿಬಾ ಶೆಲಾರ್
ಹಿಮ್ಮಡಿಯಿಂದ ಡಾಂಬರು ಕುಟ್ಟಿದ:
ಇದರಡಿ ಇಳಿಜಾರಿದೆ ಬಾಯಿ.
ಅರಳೆಯ ಅಂಡಿಗೆ ಉರುಳಿಸಲು ಕಟ್ಟಿದ್ದು.
ನನ್ನಪ್ಪನಿಗೆ ಮೆಟ್ಟಿಲು,
ಬೆನ್ನ ಮೇಲೆ ಎರಡು ಮಣ.

ಕೆರೆದೆವು. ಕಪ್ಪು ಕಲ್ಲು,
ಹಗ್ಗ ಜಾರಿ ಜಾರಿ ಕೊರೆದ ಗೆರೆಗಳು.
ಟೇಪು ಹಿಡಿದೆ. ಹದಿಮೂರಕ್ಕೆ ಒಂದು!
ನನ್ನ ಲೆಕ್ಕಕ್ಕಿಂತಲೂ ಮೆತ್ತಗೆ.
ಅರಳೆಗೆ ನೋವಾಗದಂತೆ
ಎಂದೋ ಯಾರೋ ಎಷ್ಟು ಜಾಗ ಬಿಟ್ಟುಕೊಟ್ಟಿದ್ದರು!
ಮನುಷ್ಯರಿಗೆ ಕೇಳಿದಾಗ ಮಾತ್ರ
ರಸ್ತೆ, ಸಮುದ್ರ, ಪರಂಪರೆ.

ಭರೂಚಾ ಸಾಹೇಬರು ಬಂದರು. ಬಿಳಿ ಪ್ಯಾಂಟಿನಲ್ಲೇ
ಮೊಣಕಾಲೂರಿ ಕೂತು ಗೆರೆಯೊಂದನ್ನು ಸವರಿದರು, ಬಹಳ ಹೊತ್ತು.
"ಇದೂ ಪಾರಂಪರಿಕವೇ" ಅಂದರು ಕೊನೆಗೆ,
ಏಳಲು ಕೈ ಚಾಚಿದರು. ಧೋಂಡಿಬಾ ಎಬ್ಬಿಸಿದ.

ಈಗ ಎಲ್ಲರಿಗೂ ಉತ್ತರದ ಬಾಗಿಲೇ.
ಪೂರ್ವದ ಗೋಡೆಗೆ ಅಂಗೈ ಅಗಲದ ಸೀಳು,
ಭರತ ಬಂದಾಗ ಶ್ರುತಿ ಕದಡುತ್ತದೆ, ಕದಡಲಿ.
ಬುಟ್ಟಿಯ ಕಟ್ಟೆಯನ್ನು ಬಜೆಟ್ಟಿನಿಂದ ಎರಡು ಸಲ ಹೊಡೆದುಹಾಕಿದರು,
ಮೂರನೆಯ ಸಲ ಅದನ್ನು "ಶಿಲ್ಪ" ಎಂದು ಬರೆದೆ,
ಪಾಸಾಯಿತು.

ಉಳಿದದ್ದು ಗೇಟು.
ಅಗಲ ಎಷ್ಟು ಬೇಕಾದರೂ ಬರೆದೇನು,
ಹಿಡಿಯ ಎತ್ತರ, ಕೂತವರ ಕೈಗೆಟುಕುವ ಚಿಲಕ.
ಆದರೆ ಅಲ್ಲಿ ನಾಳೆ ಸಮವಸ್ತ್ರ ತೊಟ್ಟು ನಿಲ್ಲುವವನು,
ಹದಿನಾಲ್ಕು ಸಾವಿರ ಸಂಬಳದವನು,
ಬೆವರಿದ ಸೀರೆ ಕಂಡು ಅನ್ನುವ ಮಾತು—
"ಏ, ಎಲ್ಲಿಗೆ?"
ಅದನ್ನು ಯಾವ ಅಳತೆಯಲ್ಲಿ ತಿದ್ದಲಿ?

ಗೇಟನ್ನೇ ಅಳಿಸಿ ನೋಡಿದೆ.
ರಬ್ಬರು ಉಜ್ಜಿದಲ್ಲಿ ಕಾಗದ ಸವೆದು
ಕೆಳಗಿನ ಮೇಜು ಮಸುಕಾಗಿ ಕಾಣುತ್ತಿದೆ.
ಸೋಮವಾರ ಕೇಳುತ್ತಾರೆ, ಇಲ್ಲಿ ಏನು ಬರುತ್ತದೆ ಎಂದು.
ಇನ್ನೂ ಯೋಚಿಸಿಲ್ಲ.