ಹರುಕ

ಸಾಗರದ ಬಸ್ಸಿಳಿದವಳೇ
ಕೈ ಮುಗಿಯದೆ, ಸೊಂಟದಿಂದ ಬಗ್ಗಿ
ಕಂಡಕ್ಟರಿಗೊಂದು ನಮಸ್ಕಾರ ಮಾಡಿದಳು.
ನನಗೊಂದು. ನನ್ನ ಹಿಂದೆ ನಿಂತಿದ್ದ
ಗಬ್ಬದ ಎಮ್ಮೆಗೂ ಒಂದು ಸಂದಿತು.

ಹೆಸರೆಂತ ಮಗಾ, ಅಂದೆ.
ಹರುಕ, ಅಂದಳು.

ಕಟ್ಟೆ ಮೇಲಿನ ಹುಡುಗರು ಬಿದ್ದು ಬಿದ್ದು ನಕ್ಕವು:
ಹರುಕು ಚೀಲ, ಹರುಕು ಚಾಪೆ, ಹರುಕು ಬಾಯಿ!
ನಾನು ನಗಲಿಲ್ಲ.
ನನ್ನ ಹೆಸರು ಹುಚ್ಚಮ್ಮ.
ನನಗಿಂತ ಮುಂಚಿನ ಮೂರು ತೊಟ್ಟಿಲು ದಾಟಲಿಲ್ಲ.
ಸಾವಿಗೆ ಆಸೆ ಹುಟ್ಟದಂಥ ಹೆಸರು ಬೇಕೆಂದು
ಅವ್ವ ನನ್ನನ್ನು ತಿಪ್ಪೆ ಮೇಲೆ ಹೊರಳಿಸಿ
ಹುಚ್ಚೀ ಎಂದು ಕೂಗಿ ಎತ್ತಿಕೊಂಡಳಂತೆ.
ಇವಳ ಅವ್ವನಿಗೆ ಎಷ್ಟು ಹೋಗಿದ್ದವೋ
ಆ ಜಪಾನಿನಲ್ಲಿ, ಅಂದುಕೊಂಡೆ.

ಮಂಗನ ಕಾಯಿಲೆಯ ಕೆಲಸಕ್ಕೆ ಬಂದವಳು. ಸಂಬಳ ಇಲ್ಲವಂತೆ.
ಸಂಬಳವಿಲ್ಲದ ಕೆಲಸ ನಮಗೆ ಗೊತ್ತಿರುವುದೇ.
ಅದಕ್ಕೆಂದು ವಿಮಾನ ಹತ್ತಿ ಬಂದವರನ್ನು ಕಂಡಿರಲಿಲ್ಲ.

ದರಗು ಗುಡಿಸಲು ಕಾಡಿಗೆ ಹೋಗುವ ಮುಂಚೆ
ಕೈಕಾಲಿಗೆ ಎಣ್ಣೆ ಹಚ್ಚಿ, ಉಣುಗು ಹತ್ತದು.
ಇಷ್ಟು ಹೇಳಲು ಮನೆ ಮನೆ ತಿರುಗಿದಳು.
ಉಣುಗು ಎಂಬುದೊಂದು ಮಾತು ನೆಟ್ಟಗೆ ಬರುತ್ತಿತ್ತು.
ಹಾಲಮ್ಮ ನಾಯಿ ಬಿಟ್ಟಳು.
ಕೆರಿಯಪ್ಪ ಬಾಟಲಿ ಇಸಕೊಂಡು
ಗಾಡಿಯ ಅಚ್ಚಿಗೆ ಹಚ್ಚಿದ.
ಅವನಿಗೂ ಬಗ್ಗಿ ಬಂದಳು.

ನಮ್ಮ ಅನ್ನ ಅವಳ ಬೆರಳ ಸಂದಿಯಲ್ಲಿ ಉದುರುವುದು.
ಅವರೂರಲ್ಲಿ ಅಗುಳು ಅಗುಳನ್ನು ಬಿಡುವುದಿಲ್ಲವಂತೆ.
ಒಣಮೀನಿನ ಸಾರು ಬಡಿಸಿದ ದಿನ ಮಾತ್ರ
ಕಣ್ಣು ಮುಚ್ಚಿ ಉಂಡಳು,
ಬೇರೆ ಯಾವುದೋ ಅಡುಗೆಮನೆಯಲ್ಲಿ ಕೂತವಳಂತೆ.

ನಾಲಿಗೆಗೆ ಲ ಹತ್ತದು. ಲ ಇದ್ದಲ್ಲೆಲ್ಲ ರ.
ಊಟಕ್ಕೆ ಎಲೆ ಕೇಳಿದರೆ ಎರೆ ಆಗುವುದು.
ಹುಳ ಬಡಿಸಲೇನೆ, ಎನ್ನುತ್ತಿದ್ದೆ.
ರಾತ್ರಿ ಚಾಪೆ ಬಿಡಿಸಿ ಹೇಳುವಳು:
ಹುಚ್ಚಮ್ಮಾ, ನಾನು ಮರಗ್ತೀನಿ.
ಮರಗೋದಲ್ಲ ಮಾರಾಯ್ತಿ, ಮಲಗೋದು,
ಎಂದು ತಿದ್ದಿದೆ ನಾಕು ದಿನ.
ಗೋಡೆಯಾಚೆ ಮೂಗು ಸೀಟುವ ಸದ್ದು ಕೇಳಿದ ಮೇಲೆ
ತಿದ್ದುವುದು ಬಿಟ್ಟೆ.

ಹೊಳೆಯಲ್ಲಿ ಬಟ್ಟೆ ಸೆಳೆಯುವಾಗ ಕೇಳಿಯೇಬಿಟ್ಟೆ:
ನಿನ್ನ ಮುಂಚೆ ಎಷ್ಟು ಹೋದವು?
ಮೂರು ಸಲ ಹೇಳಿ, ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಬೇಕಾಯಿತು.
ಒಂದು ಬೆರಳೆತ್ತಿದಳು. ಅಣ್ಣ.
ನನ್ನ ಲೆಕ್ಕ ಸರಿ ಎಂದುಕೊಳ್ಳುವಷ್ಟರಲ್ಲಿ
ಆಚೆ ದಡ ತೋರಿಸಿದಳು, ಅದರಾಚೆಯ ಗುಡ್ಡ ತೋರಿಸಿದಳು,
ಅದರಾಚೆ ಏನೂ ಕಾಣದ ಕಡೆಗೆ
ಸೋಪಿನ ಕೈ ಚಾಚಿ, ಹರುಕ, ಅಂದಳು.

ದೂರ.
ಹರುಕ ಅಂದರೆ ದೂರ.

ಒಂದನ್ನು ಕಳಕೊಂಡವಳು ಇನ್ನೊಂದಕ್ಕೆ
ದೂರ ಎಂದು ಹೆಸರಿಡುವುದುಂಟೆ?
ಸೀರೆ ಹಿಂಡುತ್ತ ಹಿಂಡುತ್ತ ಯೋಚಿಸಿದೆ.
ಹರುಕೇ ಆಗಿದ್ದರೆ ಹೊಲಿಯಬಹುದಿತ್ತು.

ಮರುದಿನ ದರಗಿಗೆ ಹೊರಟವಳು
ಬಾಗಿಲ ಕಲ್ಲಿನ ಮೇಲೆ ಕೂತು ಸೀರೆ ಮೊಣಕಾಲಿಗೆತ್ತಿದೆ.
ಹಚ್ಚು, ಅಂದೆ.
ಕೆಟ್ಟ ವಾಸನೆಯ ಎಣ್ಣೆ.
ಹಿಮ್ಮಡಿಯ ಒಡಕಿನಿಂದ ಹಿಡಿದು ಮಂಡಿಯವರೆಗೆ
ಪಾಠ ಒಪ್ಪಿಸುವವಳ ಹಾಗೆ ಹಚ್ಚಿದಳು.
ಗಂಡ ಹೋದಲ್ಲಿಂದ ಈಚೆ
ಈ ಕಾಲನ್ನು ಇನ್ನೊಬ್ಬರ ಕೈ ಮುಟ್ಟಿದ್ದಿಲ್ಲ.
ಬೇಲಿಯಾಚೆ ನಿಂತು ನೋಡಿದ ಹಾಲಮ್ಮ
ನಾಯಿ ಕಟ್ಟಿ ಬಂದಳು.
ಕೆರಿಯಪ್ಪ ಮಾತ್ರ ಇನ್ನೂ ಅಚ್ಚಿಗೇ ಹಚ್ಚುತ್ತಾನೆ.

ನಿನ್ನೆ ರಾತ್ರಿ ಚಾಪೆ ಬಿಡಿಸಿ
ನಾಲಿಗೆ ಅಂಗುಳಕ್ಕೆ ಒತ್ತಿ
ಹಟದ ಕರುವನ್ನು ಹೊಸಿಲು ದಾಟಿಸುವಂತೆ ಜಗ್ಗಿ ಜಗ್ಗಿ
ಮ, ಲ, ಗ್ತೀನಿ, ಅಂದಳು.
ಲ ಬಂತು.
ಅವಳೂ ನಕ್ಕಳು, ನಾನೂ ನಕ್ಕೆ, ದೀಪ ಆರಿಸಿದೆ.

ಆಮೇಲೆ ಗೋಡೆಗೆ ಕಿವಿಯಿಟ್ಟು
ಸುಮಾರು ಹೊತ್ತು ಕೂತಿದ್ದೆ.
ಎಂತದೂ ಕೇಳಲಿಲ್ಲ.
ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು, ಅಷ್ಟೆ.