ಮೂರ ಮೂರ

ಆರಕ್ಕೇ ಬಾಗಿಲು ಬಡಿದವನು ನಾಂಬಿನಿನ.
ಕಾಲಿಗೆ ಕೊಡಲಿ ತಗುಲಿದೆ, ಬಾಳೆಎಲೆ ಸುತ್ತಿಕೊಂಡು ಬಂದಿದ್ದಾನೆ.
ನಾದುತ್ತಿದ್ದ ಹಿಟ್ಟು ಮುಚ್ಚಿಟ್ಟು ಕೈ ತೊಳೆದೆ.
ಐದು ಹೊಲಿಗೆ. ಅವನು ನಗುತ್ತಿದ್ದ,
ಬೆವತದ್ದು ನಾನು.

ಮೇಜಿನ ತುದಿಗೆ ಸಲೋಮಿಯ ಮಗ್ಗಿ:
ಮೂರೊಂದ್ಲೆ ಮೂರು, ಮೂರೆರಡ್ಲೆ ಆರು,
ಮುಂದಕ್ಕೆ ಪೆನ್ಸಿಲ್ ಕಚ್ಚುತ್ತಾಳೆ.
ಇರು ಬಂದೆ, ಅಂದೆ. ಹೋಗಲಿಲ್ಲ.

ಕ್ಲಿನಿಕ್ಕಿನ ಸಾಲು ಬೇಲಿ ಮುಟ್ಟಿತ್ತು.
ಒಬ್ಬಳ ಬೆನ್ನಿಗೆ ಜ್ವರದ ಕೂಸು,
ಕಂಕುಳಲ್ಲಿ ಫೀಸಿಗೆಂದು ತಂದ ಬಾತುಕೋಳಿ.
ಅದು ಜಾರಿ ಪ್ರಾರ್ಥನೆಯ ಕೋಣೆಗೇ ನುಗ್ಗಿತು;
ಬೆಂಚುಗಳಡಿ ತೆವಳಿ ಹಿಡಿಯುವಷ್ಟರಲ್ಲಿ ಮಧ್ಯಾಹ್ನ.

ಗಂಡನ ಫೋನು: ಸೇತುವೆ ಕೊಚ್ಚಿಹೋಗಿದೆ,
ಜೀಪು ಹೊಳೆಯಾಚೆ,
ಭಾನುವಾರದ ಪ್ರಸಂಗ ನೀನೇ ಹೇಳಿಬಿಡು.
ಆರು ವರ್ಷ ಕಲಿತ ಮಲಗಾಸಿಯಲ್ಲಿ
'ಕೃಪೆ'ಗೆ ಏನನ್ನುತ್ತಾರೆ? ನೆನಪಾಗಲಿಲ್ಲ.

ಕತ್ತಲಾದಾಗ ನೋಡಿದೆ, ಬೆಳಗಿನ ಹಿಟ್ಟು
ಉಬ್ಬಿ ಬೋಗುಣಿ ದಾಟಿ ಮೇಜಿಗಿಳಿದಿದೆ.
ಅನ್ನವೂ ಸೀದಿತ್ತು.

ಪಕ್ಕದ ಮನೆಯ ಹನಿತ್ರಾ ಕೇಳದೆ ಒಳಬಂದಳು.
ಪಾತ್ರೆ ತಿಕ್ಕಿದಳು. ಸೀದ ತಳಕ್ಕೆ ನೀರು ಹುಯ್ದು
ಕುದಿಸಿ, ಬಗ್ಗಿಸಿ, ಲೋಟ ನನ್ನ ಕೈಗಿಟ್ಟಳು,
ಅವರ ಮನೆಗಳಲ್ಲಿ ದಿನವೂ ಕುಡಿಯುವ ಹಾಗೆ.
ಭುಜ ಒತ್ತಿ ಕೂರಿಸಿದಳು.
"ಮೂರ, ಮೂರ."
ಮೆಲ್ಲಗೆ, ಮೆಲ್ಲಗೆ.

ಒಳಕೋಣೆಯಿಂದ ಸಲೋಮಿ
ನಿದ್ದೆಯಲ್ಲೇ ಅಂದಳು:
ಒಂಬತ್ತು!