ಎಣಿಸಲಾಗದ ನಾಮಪದ

ಫೊನ್ಸವನ್ನಿನ ಡಿಪೋದ ಹಿಂದೆ, ತಗಡಿನ ಶೆಡ್ಡಿನಲ್ಲಿ
ಸಂಜೆ ಆರರಿಂದ ಏಳೂವರೆ ನಮಗೆ ಇಂಗ್ಲಿಷು.
ಮೊಣಕಾಲಿಗೆ ಹತ್ತಿದ ಕೆಮ್ಮಣ್ಣು ಒಣಗಿರುವುದಿಲ್ಲ,
ಕಿವಿಯೊಳಗೆ ಡಿಟೆಕ್ಟರಿನ ಕುಂಯ್ ನಿಂತಿರುವುದಿಲ್ಲ.
ಮೂರನೇ ದರ್ಜೆಗೆ ಏರಬೇಕಾದರೆ ಪರೀಕ್ಷೆ.
ಕೈಪಿಡಿಯ ಪುಟಪುಟದಲ್ಲೂ ಆ ಒಂದು ಪದ,
ಅದರ ಪಕ್ಕದಲ್ಲಿ ಇಂತಿಷ್ಟು ಮೀಟರು,
ಅಷ್ಟು ದೂರ ನಿಂತರೆ ಬದುಕು.

ಫ್ರಾಗ್ಮೆಂಟೇಶನ್, ಎಂದರು ಖಮ್ಫೆಂಗ್ ಮೇಷ್ಟ್ರು.
ನಮ್ಮ ಲಾವೊ ನಾಲಿಗೆಗೆ ಆ ಒತ್ತಕ್ಷರ ಬಗ್ಗುವುದಿಲ್ಲ.
ಫಾಕ್. ಮೆನ್. ತೇ. ಸನ್.
ಹೇಳಿ ಮುಗಿಸುವಷ್ಟರಲ್ಲೇ ನಾಲ್ಕು ಹೋಳು.
ಮೊದಲ ಹೋಳು ನಮ್ಮ ಮನೆಯದೇ ಸರ್, ಎಂದಳು ವಿಲಯ್‌ವನ್:
ಮಾಂಸ ಕೊಚ್ಚುವುದಕ್ಕೂ ಫಾಕ್,
ಬೇಲಿಯ ಮೇಲಿನ ಬೂದುಗುಂಬಳಕ್ಕೂ ಫಾಕ್.
ಎಲ್ಲರೂ ನಕ್ಕೆವು. ಮೇಷ್ಟ್ರೂ ನಕ್ಕರು.

ಸರಿ, ಇಂಗ್ಲಿಷಿನಲ್ಲಿ ಅರ್ಥವೇನು, ಯಾರು ಹೇಳುತ್ತೀರಿ?
ಯಾರೂ ಕೈ ಎತ್ತಲಿಲ್ಲ. ಗೊತ್ತಿಲ್ಲವೆಂದಲ್ಲ.
ಅಪ್ಪನ ಹೆಗಲ ಮೂಳೆಯ ಕೆಳಗೊಂದಿದೆ, ಹುಣಸೆ ಬೀಜದಷ್ಟು.
ಚಳಿ ಬಂದಾಗ ಜಾಗ ಬದಲಿಸುತ್ತದೆ.
ಇರಲಿ ಬಿಡಿ ಅಂದರಂತೆ ಡಾಕ್ಟರು.
ಅಪ್ಪ ಅದನ್ನು ಬಾಡಿಗೆಯವನು ಅನ್ನುತ್ತಾನೆ,
ಬಾಡಿಗೆ ಕೊಡದ ಬಾಡಿಗೆಯವನು.

ಮೇಷ್ಟ್ರು ವಿಯೆಂಟಿಯಾನಿನವರು, ಒಳ್ಳೆಯ ಮನುಷ್ಯ,
ನಮ್ಮ ಮುಖ ನೋಡಿ ದಾರಿ ಬದಲಿಸಿದರು.
ಕಂಪ್ಯೂಟರಿಗೂ ಇದೇ ಪದವಂತೆ:
ಒಂದೇ ಕಡತ ಅಲ್ಲಲ್ಲಿ ಚೆದುರಿಬಿದ್ದು ಯಂತ್ರ ತೆವಳುತ್ತದೆ,
ಆಯ್ದು ಒಂದೆಡೆ ಕೂಡಿಸಿದರೆ ಮತ್ತೆ ಓಟ.
ನಾವೂ ಇಡೀ ದಿನ ಆಯುವುದೇ ಸರ್, ಎಂದಳು ಪಾ ಖೂ,
ಓಟ ಮಾತ್ರ ಕಾಣೆ. ಮೊಣಕಾಲೂರಿ ದಿನಕ್ಕೆ ಇಪ್ಪತ್ತು ಹೆಜ್ಜೆ ಗದ್ದೆ.

ಕಾಡಿಗೂ ಅಂತೆ. ನಡುವೆ ರಸ್ತೆ ಸೀಳಿದ ಮೇಲೆ
ಆಚೆಯ ಗಿಬ್ಬನ್ ಕೂಗಿದರೆ ಈಚೆಯದಕ್ಕೆ ಕೇಳುತ್ತದೆ,
ದಾಟಲು ಕೊಂಬೆಯಿಲ್ಲ.
ಸಮುದ್ರದಲ್ಲಿ ನಕ್ಷತ್ರದ ಹಾಗೊಂದು ಜೀವವಂತೆ,
ತುಂಡಾದ ತೋಳಿನಿಂದಲೇ ಇನ್ನೊಂದು ಇಡಿಯಾಗಿ ಬೆಳೆಯುತ್ತದಂತೆ.
ನಮ್ಮಲ್ಲಿ ಯಾರೂ ಸಮುದ್ರ ನೋಡಿಲ್ಲ.
ವಿಲಯ್‌ವನ್ ತನ್ನ ಎಡಗೈಯನ್ನು, ಮೂರೇ ಬೆರಳು,
ಮೆಲ್ಲಗೆ ಮೇಜಿನ ಕೆಳಗಿಳಿಸಿದಳು.
ನೋಡಿದೆ. ನೋಡದವಳಂತೆ ಬರೆದುಕೊಂಡೆ:
ತೋಳು. ಬೆಳೆಯುವುದು.

ಇದು ಎಣಿಸಲಾಗದ ನಾಮಪದ, ಎಂದು ಬೋರ್ಡಿನ ಮೇಲೆ ಗೆರೆ ಎಳೆದರು,
ನೀರು, ಅಕ್ಕಿ, ಹೊಗೆ ಇದ್ದ ಹಾಗೆ.
ಒಂದು ಎರಡು ಹಚ್ಚಬೇಡಿ, ಅಂಕ ಹೋಗುತ್ತದೆ.

ನನ್ನ ನೋಂದಣಿ ಪುಸ್ತಕ ಚೀಲದಲ್ಲೇ ಇತ್ತು. ಇವತ್ತಿನ ಪುಟ:
ಮೊಳೆ ಹದಿನಾಲ್ಕು. ನೇಗಿಲ ಮೊನೆ ಒಂದು.
ಚಮಚ ಒಂದು, ಅದೂ ಬಾಂಬಿನ ಅಲ್ಯುಮಿನಿಯಮ್ ಕರಗಿಸಿ ಎರೆದದ್ದು.
ಚೂರು ಅರವತ್ತೆರಡು.
ಬಾಂಬಿ ಒಂದು, ಅನಾನಸಿನ ಜಾತಿ, ಜೀವ ಇರುವಂಥದ್ದು.
ಎಣಿಸಿದ್ದಕ್ಕೇ ನಮಗೆ ಸಂಬಳ.

ಮನೆಗೆ ಬಂದಾಗ ಕತ್ತಲು. ಒಳಗಿನಿಂದಲೇ ಅಮ್ಮ ಗದರಿದಳು:
ಆ ಕಡೆ ಟಾರ್ಚು ಹಿಡೀಬೇಡ, ಕೋಳಿ ಫಾಕ್ ಕೂತಿದೆ.
ನಿಂತೇಬಿಟ್ಟೆ.
ಕಾವು ಕೂರುವುದಕ್ಕೂ ಅದೇ ಮಾತು.
ವಿಲಯ್‌ವನ್ ಮರೆತಳು, ನಾನೂ ಮರೆತೆ.

ಉದ್ದಕ್ಕೆ ಸೀಳಿದ ಬಾಂಬಿನ ಕವಚ,
ಹೋದ ವರ್ಷ ಅದರಲ್ಲಿ ಈರುಳ್ಳಿ ಬೆಳೆದಿದ್ದೆವು.
ಈಗ ಒಣಹುಲ್ಲು, ಹುಲ್ಲಿನ ಮೇಲೆ ಕೋಳಿ.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪ
ಒಳ್ಳೆಯ ಕೈಯಿಂದ ನುಚ್ಚು ಚೆಲ್ಲುತ್ತಿದ್ದ.
ಎಷ್ಟು ಮೊಟ್ಟೆ, ಎಂದೆ.
ಎಣಿಸಬಾರದು, ಎಂದ. ಒಡೆಯುವ ತನಕ ಎಣಿಸಬಾರದು.

ಟಾರ್ಚು ಆರಿಸಿದೆ.
ಕೋಳಿ ಮೈ ಅಗಲಿಸಿಕೊಂಡು ಒಮ್ಮೆ ಗೊಣಗಿತು.
ನಾಳೆಗೆ ಆ ಪದ ಬಳಸಿ ಒಂದು ವಾಕ್ಯ ತರಬೇಕು,
ಇನ್ನೂ ಬರೆದಿಲ್ಲ.